ಗುಟ್ಟು ರಟ್ಟು ಮಾಡೋಣ: ನಿಮ್ಮ ವೆಬ್‌ಸೈಟ್ ಟೆಂಪ್ಲೇಟ್ ಫ್ರೇಮ್‌ವರ್ಕನ್ನು ಮುಕ್ತ ತಂತ್ರಾಂಶವಾಗಿ ಬಿಡುವ ಸಮಗ್ರ ಮಾರ್ಗದರ್ಶಿ

ಬಳ್ಳಾರಿಯ ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಯುವ ಜಾಗಗಳಲ್ಲಿ ಗೋಡೆಗೆ ದಪ್ಪ ರಟ್ಟಿನ ಪ್ಯಾಟರ್ನ್‌ಗಳು ನೇತಾಡುತ್ತಿರುತ್ತವೆ. ಕಟಿಂಗ್ ಮಾಸ್ಟರ್ ಒಂದು ಸಲ ಅಳತೆ ಹಾಕಿ ರಟ್ಟು ಕತ್ತರಿಸಿಟ್ಟರೆ ಸಾಕು. ಅದನ್ನೇ ಇಟ್ಟುಕೊಂಡು ಎಷ್ಟು ಪ್ಯಾಂಟ್ ಬೇಕಾದರೂ ಕತ್ತರಿಸಬಹುದು. ಬಟ್ಟೆ ಬೇರೆ, ಬಣ್ಣ ಬೇರೆ, ಗಿರಾಕಿ ಬೇರೆ. ರಟ್ಟು ಮಾತ್ರ ಒಂದೇ.

ಊರಲ್ಲಿ ಕೂತು ವೆಬ್‌ಸೈಟ್ ಮಾಡುವವರ ಹತ್ತಿರವೂ ಇಂಥದೊಂದು ರಟ್ಟು, ಅಂದರೆ ಮತ್ತೆ ಮತ್ತೆ ಬಳಸುವ ಟೆಂಪ್ಲೇಟ್ ಫ್ರೇಮ್‌ವರ್ಕು, ತಾನಾಗಿಯೇ ಬೆಳೆದಿರುತ್ತದೆ. ನನ್ನದು ಸಿರುಗುಪ್ಪ ಕಡೆಯ ಒಂದು ಅಕ್ಕಿ ಮಿಲ್ಲಿನ ಸೈಟಿನಿಂದ ಶುರುವಾಯಿತು. ಆಮೇಲೆ ಅದನ್ನೇ ಕಾಪಿ ಮಾಡಿ ಬಟ್ಟೆ ಅಂಗಡಿಗೆ, ಕೋಚಿಂಗ್ ಸೆಂಟರಿಗೆ, ಕಾಲೇಜಿಗೆ ಮಾಡಿಕೊಟ್ಟೆ. ಹೆಡರ್, ಫುಟರ್, ಮೆನು, ನೋಟಿಸ್ ಪಟ್ಟಿ ಎಲ್ಲ ಅದೇ. ಬದಲಾಗಿದ್ದು ಬಣ್ಣ ಮತ್ತು ಲೋಗೋ. ಒಂದು ದಿನ ಪರಿಚಯದ ಹುಡುಗ ಕೇಳಿದ, "ಅಣ್ಣಾ, ಅದನ್ನ ನಮಗೂ ಕೊಡ್ರಿ." ಜಿಪ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆ. ಅಷ್ಟಕ್ಕೇ "ನಾನೂ ಓಪನ್ ಸೋರ್ಸ್ ಮಾಡಿದೆ" ಅಂತ ಖುಷಿಪಟ್ಟೆ.

ಹದಿನೈದು ದಿನಕ್ಕೆ ಮಿಲ್ಲಿನ ಯಜಮಾನರ ಫೋನ್ ಬಂತು. "ಏನ್ರೀ ಇದು, ನನಗ ಬಿಎ ಸೀಟು ಕೇಳಾಕತ್ತಾರಲ್ಲ!" ಸಂಪರ್ಕ ಫಾರ್ಮಿನಲ್ಲಿ ಅವರ ಇಮೇಲ್ ವಿಳಾಸವನ್ನು ನಾನು ಕೋಡಿನೊಳಗೇ ಬರೆದುಬಿಟ್ಟಿದ್ದೆ. ಆ ಹುಡುಗ ಅದನ್ನು ನೋಡದೆ ಒಂದು ಕಾಲೇಜಿನ ಸೈಟಿಗೆ ಹಾಕಿದ್ದ. ಅಡ್ಮಿಷನ್ ಕೇಳಿದವರ ಮೇಲ್ ಎಲ್ಲ ಅಕ್ಕಿ ಮಿಲ್ಲಿಗೆ ಹೋಗುತ್ತಿತ್ತು.

ಕೋಡನ್ನು ನೆಟ್‌ಗೆ ಹಾಕುವುದು ಹತ್ತು ನಿಮಿಷದ ಕೆಲಸ. ಅದರೊಳಗೆ ಯಾರ ಯಾರ ಸಾಮಾನು ಸೇರಿಕೊಂಡಿದೆ ಅಂತ ಹುಡುಕಿ ಹೊರಗೆ ಹಾಕುವುದಕ್ಕೇ ವಾರಗಟ್ಟಲೆ ಬೇಕು. ಹಾಗಾಗಿ ಈ ಬರಹದಲ್ಲೂ ಅದಕ್ಕೇ ಜಾಸ್ತಿ ಜಾಗ.

ಬಿಟ್ಟಿ ಬೇರೆ, ಮುಕ್ತ ಬೇರೆ

ಇಂಗ್ಲಿಷಿನ ಫ್ರೀ ಅನ್ನುವ ಪದಕ್ಕೆ ಎರಡು ಅರ್ಥ ಇರುವುದರಿಂದ ಅವರು ದಶಕಗಟ್ಟಲೆ ಗೊಂದಲ ಪಟ್ಟಿದ್ದಾರೆ. ನಮಗೆ ಆ ತಾಪತ್ರಯ ಇಲ್ಲ. ಕಾಸಿಲ್ಲದೆ ಸಿಗುವುದು ಉಚಿತ, ಕೈಕಾಲು ಕಟ್ಟಿಲ್ಲದ್ದು ಮುಕ್ತ. 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕಟ್ಟಿದ ರಿಚರ್ಡ್ ಸ್ಟಾಲ್‌ಮನ್ ಹೇಳುವ ಸ್ವಾತಂತ್ರ್ಯ ನಾಲ್ಕು: ಯಾವ ಕೆಲಸಕ್ಕಾದರೂ ಬಳಸುವುದು, ಒಳಗೆ ನೋಡಿ ತಿದ್ದುವುದು, ಇನ್ನೊಬ್ಬರಿಗೆ ಕೊಡುವುದು, ತಿದ್ದಿದ್ದನ್ನೂ ಕೊಡುವುದು. 1998ರಲ್ಲಿ ಶುರುವಾದ ಓಪನ್ ಸೋರ್ಸ್ ಇನಿಶಿಯೇಟಿವ್ ಹತ್ತು ಅಂಶಗಳ ವ್ಯಾಖ್ಯಾನ ಇಟ್ಟುಕೊಂಡಿದೆ. ಕೆಲಸದ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ಒಂದೇ ಕಡೆಗೆ ಬರುತ್ತವೆ.

ನಾನು ವಾಟ್ಸಾಪಿನಲ್ಲಿ ಕಳಿಸಿದ ಜಿಪ್ ಉಚಿತ ಆಗಿತ್ತು, ಮುಕ್ತ ಆಗಿರಲಿಲ್ಲ. ಅದರಲ್ಲಿ ಲೈಸೆನ್ಸ್, ಅಂದರೆ ಯಾರು ಏನು ಮಾಡಬಹುದು ಅನ್ನುವ ಲಿಖಿತ ಅನುಮತಿ, ಇರಲಿಲ್ಲ. ಲೈಸೆನ್ಸ್ ಇಲ್ಲದ ಕೋಡ್ ಅಂದರೆ ಕಾನೂನಿನ ಪ್ರಕಾರ ಎಲ್ಲ ಹಕ್ಕೂ ಬರೆದವನದೇ. ಬಾಯಲ್ಲಿ "ಬಳಸ್ಕೋ ತಮ್ಮಾ" ಅಂದದ್ದು ಆ ಹುಡುಗನಿಗೆ ಸಾಕು. ಅವನ ಗಿರಾಕಿಗೆ, ಆ ಗಿರಾಕಿಯ ಮುಂದಿನ ಡೆವಲಪರಿಗೆ ಅದರಿಂದ ಏನೂ ಸಿಗುವುದಿಲ್ಲ.

ಹೆಜ್ಜೆ 1: ಇದು ನಿಮ್ಮದೇನಾ?

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಸಾಲಿಗೆ ಬರುತ್ತದೆ. ಬರೆದವರೇ ಮೊದಲ ಒಡೆಯರು. ಆದರೆ ನೌಕರಿಯಲ್ಲಿದ್ದು ನೌಕರಿಯ ಕೆಲಸವಾಗಿ ಬರೆದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಒಡೆತನ ಕಂಪನಿಯದು. ಸ್ವತಂತ್ರವಾಗಿ ಗಿರಾಕಿಗಳಿಗೆ ಮಾಡಿಕೊಡುವವರಿಗೆ ಪರಿಸ್ಥಿತಿ ಸ್ವಲ್ಪ ಸಲೀಸು. ಗಿರಾಕಿ ದುಡ್ಡು ಕೊಟ್ಟ ಮಾತ್ರಕ್ಕೆ ಕೋಡಿನ ಹಕ್ಕು ಅವರಿಗೆ ಹೋಗುವುದಿಲ್ಲ. ಹಕ್ಕು ವರ್ಗಾವಣೆ ಲಿಖಿತವಾಗಿಯೇ ಆಗಬೇಕು.

ಹಾಗಾಗಿ ಹಳೇ ಕಾಗದಗಳನ್ನು ಒಮ್ಮೆ ತೆಗೆದು ನೋಡಿ. ಸರ್ಕಾರಿ ಕೆಲಸ ಅಥವಾ ದೊಡ್ಡ ಸಂಸ್ಥೆಯ ಕೆಲಸ ಹಿಡಿದಿದ್ದರೆ ವರ್ಕ್ ಆರ್ಡರಿನ ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಅಂತ ಓದಿ. ನೌಕರಿಯಲ್ಲಿದ್ದುಕೊಂಡು ರಾತ್ರಿ ಮನೆಯಲ್ಲಿ ಬರೆದದ್ದಾದರೆ ಯಜಮಾನರಿಂದ ಎರಡು ಸಾಲಿನ ಮೇಲ್ ತೆಗೆದುಕೊಳ್ಳಿ. ಮುಜುಗರ ಅನ್ನಿಸುತ್ತದೆ, ನಿಜ. ಆಮೇಲೆ ಜಗಳ ಆದರೆ ಇನ್ನೂ ಮುಜುಗರ.

ಜೊತೆಗಾರರನ್ನೂ ಮರೆಯಬೇಡಿ. ನನ್ನ ಮೆನುವಿನ ಸಿಎಸ್‌ಎಸ್ (ಪುಟದ ಅಂದಚಂದ ಹೇಳುವ ಕೋಡು) ಬರೆದದ್ದು ರಾಯಚೂರಿನ ಗೆಳೆಯ. ಯಾವತ್ತೋ ಒಂದು ಭಾನುವಾರ ಒಗ್ಗರಣೆ-ಮಿರ್ಚಿ ತಿನ್ನುತ್ತಾ ಬರೆದುಕೊಟ್ಟಿದ್ದ. ನಲವತ್ತು ಸಾಲು ಅಷ್ಟೇ. ಆದರೂ ಆ ನಲವತ್ತು ಸಾಲು ಅವನದೇ. ಅವನಿಂದ "ಈ ಲೈಸೆನ್ಸ್ ಅಡಿಯಲ್ಲಿ ಬಿಡಲು ನನ್ನ ಒಪ್ಪಿಗೆ ಇದೆ" ಅಂತ ಮೇಲ್ ಬರೆಸಿಕೊಂಡೆ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಬೇರೆ ಇದೆ. ನಿಮ್ಮ ಫ್ರೇಮ್‌ವರ್ಕಿನ ಬೇರು ಎಲ್ಲಿದೆ? ಬಹಳ ಜನರ ಮೊದಲ ಸೈಟು ಯಾವುದೋ ಮಾರುಕಟ್ಟೆಯಲ್ಲಿ ಕೊಂಡ ಟೆಂಪ್ಲೇಟಿನಿಂದ ಶುರುವಾಗಿರುತ್ತದೆ. ಕೊಂಡವರಿಗೆ ಬಳಸುವ ಹಕ್ಕು ಇರುತ್ತದೆ, ಹಂಚುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ. ಕ್ಲಾಸ್ ಹೆಸರು ಬದಲಾಯಿಸಿ, ಬಣ್ಣ ಬಳಿದರೆ ಅದು ನಿಮ್ಮದಾಗಲ್ಲ. ಅಂಥ ಭಾಗ ಇದ್ದರೆ ಕಿತ್ತು ಹಾಕಿ. ಹಳೇ ಫೈಲನ್ನು ಮುಂದೆ ಇಟ್ಟುಕೊಳ್ಳದೆ, ಖಾಲಿ ಪುಟದಿಂದ ಹೊಸದಾಗಿ ಬರೆಯಿರಿ. ನಾನು ಸ್ಲೈಡರ್ ಪೂರ್ತಿ ಬಿಸಾಕಿದೆ. ಸೈಟಿನ ವೇಗ ಹೆಚ್ಚಾಯಿತು, ಯಾವ ಗಿರಾಕಿಯೂ ಕೇಳಲಿಲ್ಲ.

ಹೆಜ್ಜೆ 2: ಗಿರಾಕಿಯ ಸಾಮಾನು ಹೊರಗೆ

ಈಗ ಎಡಿಟರಿನಲ್ಲಿ ಇಡೀ ಫೋಲ್ಡರನ್ನು ಹುಡುಕಿ. ಇಮೇಲಿನ ಅಟ್ ಚಿಹ್ನೆ, ಫೋನ್ ನಂಬರಿನ ಮೊದಲಿಗೆ ಬರುವ 91 ಅನ್ನುವ ಅಂಕಿ, ಪಾಸ್‌ವರ್ಡ್ ಅನ್ನುವ ಪದ, ಕೀ (ಹೊರಗಿನ ಸೇವೆ ಬಳಸಲು ಕೊಡುವ ಗುಟ್ಟಿನ ಸಂಕೇತ) ಅನ್ನುವ ಪದ, ಪ್ರತಿ ಗಿರಾಕಿಯ ಹೆಸರು, ಪ್ರತಿ ಊರಿನ ಹೆಸರು. ನನಗೆ ಸಿಕ್ಕಿದ್ದು: ಎರಡು ಡೇಟಾಬೇಸ್ ಪಾಸ್‌ವರ್ಡ್, ಒಂದು ಮ್ಯಾಪ್ ಕೀ, ಒಂದು ಎಸ್‌ಎಂಎಸ್ ಕೀ, ಒಬ್ಬ ಪ್ರಿನ್ಸಿಪಾಲರ ಮೊಬೈಲ್ ನಂಬರು, ಮತ್ತು ಕಾಮೆಂಟಿನಲ್ಲಿ ಒಬ್ಬ ಗಿರಾಕಿಯ ಬಗ್ಗೆ ಬರೆದಿದ್ದ, ಇಲ್ಲಿ ಹೇಳಲಾಗದ ಒಂದು ಸಾಲು.

ಇವೆಲ್ಲವನ್ನೂ ಒಂದೇ ಕಾನ್ಫಿಗ್ ಫೈಲಿಗೆ, ಅಂದರೆ ಸೆಟ್ಟಿಂಗುಗಳ ಫೈಲಿಗೆ, ತನ್ನಿ. ಆ ಫೈಲು ಸಾರ್ವಜನಿಕ ಕೋಡಿನಲ್ಲಿ ಇರಬಾರದು. ಅದರ ಬದಲು ಖಾಲಿ ಮಾದರಿ ಫೈಲೊಂದನ್ನು ಇಡಿ. ಬಳಸುವವರು ಅದನ್ನು ಕಾಪಿ ಮಾಡಿ ತಮ್ಮ ವಿವರ ತುಂಬಿಕೊಳ್ಳುತ್ತಾರೆ. ಅಸಲಿ ಕಾನ್ಫಿಗ್ ತಪ್ಪಿಯೂ ಒಳಗೆ ಸೇರದಂತೆ ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ತಂತ್ರಾಂಶದ ಇಗ್ನೋರ್ ಪಟ್ಟಿಗೆ ಹಾಕಿ. ಫಾರ್ಮಿನ ವಿಳಾಸ ಖಾಲಿ ಇದ್ದರೆ ಫಾರ್ಮ್ ಕಾಣಿಸಲೇಬಾರದು, ಹಾಗೆ ಬರೆಯಿರಿ. ಈ ಒಂದು ಷರತ್ತು ಇದ್ದಿದ್ದರೆ ನಮ್ಮ ಯಜಮಾನರು ಸೀಟು ಹಂಚುವ ಪ್ರಮೇಯ ಬರುತ್ತಿರಲಿಲ್ಲ.

ಗಿಟ್ ಬಳಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಇವತ್ತು ಪಾಸ್‌ವರ್ಡ್ ಅಳಿಸಿ ಕಮಿಟ್ (ಬದಲಾವಣೆಯ ದಾಖಲೆ) ಮಾಡಿದರೂ ಹಳೇ ಕಮಿಟ್‌ಗಳಲ್ಲಿ ಅದು ಹಾಗೇ ಕೂತಿರುತ್ತದೆ. ಸಾರ್ವಜನಿಕ ಕೋಡಿನಲ್ಲಿ ಇಂಥ ಕೀಗಳನ್ನೇ ಹುಡುಕುವ ಬಾಟ್‌ಗಳು ಹಗಲೂ ರಾತ್ರಿ ಓಡಾಡುತ್ತಿರುತ್ತವೆ. ಇತಿಹಾಸವನ್ನು ತೊಳೆಯಲು ಗಿಟ್ ಫಿಲ್ಟರ್ ರೆಪೋ ಅನ್ನುವ ಸಲಕರಣೆ ಇದೆ. ಆದರೆ ನನ್ನ ಸಲಹೆ ಸರಳ: ಹಳೇ ರೆಪೋ (ಇತಿಹಾಸ ಸಮೇತ ಇರುವ ಕೋಡಿನ ಫೋಲ್ಡರು) ನಿಮ್ಮ ಹತ್ತಿರವೇ ಖಾಸಗಿಯಾಗಿ ಇರಲಿ. ತೊಳೆದ ಫೈಲುಗಳನ್ನು ಹೊಸ ಫೋಲ್ಡರಿಗೆ ಹಾಕಿ, ಮೊದಲ ಕಮಿಟ್‌ನಿಂದ ಶುರು ಮಾಡಿ. ಅದಕ್ಕೂ ಮುಂಚೆ ಹೊರಗೆ ಕಂಡಿರಬಹುದಾದ ಎಲ್ಲ ಪಾಸ್‌ವರ್ಡ್ ಮತ್ತು ಕೀಗಳನ್ನು ಬದಲಾಯಿಸಿಬಿಡಿ. ಅಳಿಸಿದರೆ ಸಾಲದು, ಬದಲಾಯಿಸಬೇಕು.

ಹೆಜ್ಜೆ 3: ಫಾಂಟು, ಫೋಟೋ, ಐಕಾನು

ಕೋಡ್ ನಮ್ಮದೇ ಇರಬಹುದು. ಫಾಂಟ್ ನಮ್ಮದಲ್ಲ. ವಿಂಡೋಸ್ ಜೊತೆ ಬರುವ ತುಂಗಾ, ನಿರ್ಮಲಾ ಇವು ಮೈಕ್ರೋಸಾಫ್ಟಿನವು. ಸಿಎಸ್‌ಎಸ್‌ನಲ್ಲಿ ಅವುಗಳ ಹೆಸರು ಬರೆಯಬಹುದು, ಫೈಲನ್ನು ಜಿಪ್‌ನಲ್ಲಿ ಸೇರಿಸಿ ಹಂಚುವ ಹಾಗಿಲ್ಲ. ಜೊತೆಗೇ ಕೊಡಬೇಕು ಅಂದರೆ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡದಂಥ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಇರುವ ಫಾಂಟು ಆರಿಸಿಕೊಳ್ಳಿ. ಆ ಲೈಸೆನ್ಸ್ ಕೇಳುವುದು ಇಷ್ಟು: ಲೈಸೆನ್ಸಿನ ಪಠ್ಯ ಫಾಂಟಿನ ಜೊತೆಗಿರಲಿ, ಫಾಂಟನ್ನೊಂದೇ ಮಾರಬೇಡಿ, ಕಾಯ್ದಿರಿಸಿದ ಹೆಸರಿದ್ದರೆ ತಿದ್ದಿದ ಫಾಂಟಿಗೆ ಆ ಹೆಸರು ಇಡಬೇಡಿ.

ಐಕಾನ್ ವಿಷಯದಲ್ಲಿ ಒಂದೇ ಪ್ಯಾಕೇಜಿಗೆ ಹಲವು ಲೈಸೆನ್ಸ್ ಇರುವುದುಂಟು. ಫಾಂಟ್ ಆಸಮ್‌ನ ಉಚಿತ ಆವೃತ್ತಿಯನ್ನೇ ನೋಡಿ: ಐಕಾನ್ ಚಿತ್ರಗಳು ಕ್ರಿಯೇಟಿವ್ ಕಾಮನ್ಸ್ ಬೈ 4.0, ಫಾಂಟ್ ಫೈಲು ಓಪನ್ ಫಾಂಟ್ ಲೈಸೆನ್ಸ್, ಕೋಡು ಎಂಐಟಿ. ಮೂರನ್ನೂ ಬರೆದಿಡಿ.

ಫೋಟೋಗಳಲ್ಲಿ ನಾವೆಲ್ಲ ತಪ್ಪು ಮಾಡುತ್ತೇವೆ. ಗೂಗಲ್‌ನಲ್ಲಿ ಸಿಕ್ಕ ಬಳ್ಳಾರಿ ಕೋಟೆಯ ಚಿತ್ರ ಡೆಮೋದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಯಾರೋ ಬಿಸಿಲಲ್ಲಿ ನಿಂತು ತೆಗೆದದ್ದು ಅದು. ನಾನೇ ಒಂದು ಬೆಳಗ್ಗೆ ಹೋಗಿ ಮೊಬೈಲಿನಲ್ಲಿ ತೆಗೆದೆ. ಸುಮಾರಾಗಿ ಬಂತು. ಪರವಾಗಿಲ್ಲ, ನನ್ನದು. "ವಾಣಿಜ್ಯ ಬಳಕೆಗೆ ಇಲ್ಲ" ಅನ್ನುವ ಕ್ರಿಯೇಟಿವ್ ಕಾಮನ್ಸ್ ಚಿತ್ರಗಳೂ ಬೇಡ. ನಿಮ್ಮ ಫ್ರೇಮ್‌ವರ್ಕ್ ಹಾಕಿಕೊಂಡ ಅಂಗಡಿಯವರು ವ್ಯಾಪಾರಕ್ಕೇ ತಾನೇ ಹಾಕಿಕೊಳ್ಳುವುದು?

ಎಲ್ಲ ಮುಗಿದ ಮೇಲೆ ಒಂದು ಪಠ್ಯ ಫೈಲಿನಲ್ಲಿ ಪಟ್ಟಿ ಮಾಡಿ: ಯಾವ ಫೈಲು, ಎಲ್ಲಿಂದ, ಯಾರದು, ಯಾವ ಲೈಸೆನ್ಸ್. ಲೈಸೆನ್ಸ್ ಗೊತ್ತಿಲ್ಲದ್ದು ಏನೇ ಇರಲಿ, ಹೊರಗೆ.

ಹೆಜ್ಜೆ 4: ಲೈಸೆನ್ಸ್ ಆರಿಸುವುದು

ನೂರಾರು ಲೈಸೆನ್ಸ್‌ಗಳಿವೆ. ನಿಮಗೆ ಬೇಕಾದದ್ದು ಎರಡು ಮೂರು ಅಷ್ಟೇ.

ಎಂಐಟಿ ಲೈಸೆನ್ಸ್ ಒಂದು ಪುಟವೂ ಇಲ್ಲ. ಏನು ಬೇಕಾದರೂ ಮಾಡಿ, ನನ್ನ ಹೆಸರಿನ ಕೃತಿಸ್ವಾಮ್ಯದ ಸಾಲು ಮತ್ತು ಈ ಲೈಸೆನ್ಸನ್ನು ಕೋಡಿನ ಜೊತೆ ಉಳಿಸಿ, ಕೆಟ್ಟರೆ ನಾನು ಹೊಣೆ ಅಲ್ಲ. ಅಷ್ಟೇ ಅದರ ತಿರುಳು. ತಿದ್ದಿದವರು ತಮ್ಮ ಕೋಡನ್ನು ಮುಚ್ಚಿಟ್ಟುಕೊಂಡು ಮಾರಬಹುದು. ಜಿಪಿಎಲ್ ಬೇರೆ ಸ್ವಭಾವದ್ದು. ತಿದ್ದಿ ಹಂಚಿದರೆ ಅದನ್ನೂ ಜಿಪಿಎಲ್ ಅಡಿಯಲ್ಲೇ, ಸೋರ್ಸ್ ಸಮೇತ ಕೊಡಬೇಕು. ಅದರ 2ನೇ ಆವೃತ್ತಿ ಬಂದದ್ದು 1991ರಲ್ಲಿ, 3ನೆಯದು 2007ರಲ್ಲಿ. ಅಪಾಚೆ 2.0 ಎಂಐಟಿಯ ಥರ ಸಡಿಲ, ಜೊತೆಗೆ ಪೇಟೆಂಟ್ ಬಗ್ಗೆ ಸ್ಪಷ್ಟ ಮಾತು ಇದೆ. ಆದರೆ ಅದು ಜಿಪಿಎಲ್ 3ರ ಜೊತೆ ಹೊಂದುತ್ತದೆ, 2ರ ಜೊತೆ ಹೊಂದುವುದಿಲ್ಲ.

ಈ ಹೊಂದಾಣಿಕೆ ಪುಸ್ತಕದ ಬದನೆಕಾಯಿ ಅಲ್ಲ. 2011ರಲ್ಲಿ ಟ್ವಿಟರ್ ಹೊರಬಿಟ್ಟ, ಪುಟ ಕಟ್ಟುವ ಸಿದ್ಧ ಸಲಕರಣೆಯಾದ ಬೂಟ್‌ಸ್ಟ್ರ್ಯಾಪ್ ಮೊದಲು ಅಪಾಚೆಯಲ್ಲಿತ್ತು, ಹಾಗಾಗಿ ಜಿಪಿಎಲ್ 2ರ ಕೋಡಿನ ಜೊತೆ ಹೊಂದುತ್ತಿರಲಿಲ್ಲ. 2014ರಲ್ಲಿ 3.1 ಆವೃತ್ತಿಯ ಹೊತ್ತಿಗೆ ಎಂಐಟಿಗೆ ಬಂತು. ಹೀಗೆ ನಡುವೆ ಲೈಸೆನ್ಸ್ ಬದಲಿಸಬೇಕಾದರೆ ಕೋಡ್ ಕೊಟ್ಟವರೆಲ್ಲರ ಒಪ್ಪಿಗೆ ಬೇಕಾಗುತ್ತದೆ. ಇಬ್ಬರು ಇದ್ದಾಗ ಸುಲಭ. ಇನ್ನೂರು ಜನ ಸೇರಿದ ಮೇಲೆ ಒಬ್ಬೊಬ್ಬರನ್ನೂ ಹುಡುಕುತ್ತಾ ಕೂರಬೇಕು. ಅದಕ್ಕೇ ಮೊದಲೇ ಯೋಚಿಸಿ.

ನನ್ನ ತೀರ್ಮಾನ ಹೀಗಿದೆ. ಸೈಟು ನಡೆಸುವ ತಂತ್ರಾಂಶಗಳಾದ ವರ್ಡ್‌ಪ್ರೆಸ್ ಅಥವಾ ಜೂಮ್ಲಾ ಮೇಲೆ ಕಟ್ಟಿದ್ದರೆ ಜಿಪಿಎಲ್ 2 ಅಥವಾ ನಂತರದ್ದು. ಅವೇ ಜಿಪಿಎಲ್‌ನಲ್ಲಿರುವುದರಿಂದ ಅಲ್ಲಿ ಚರ್ಚೆಗೆ ಜಾಗ ಇಲ್ಲ. ಸ್ವಂತ ಕಾಲ ಮೇಲೆ ನಿಂತ ಫ್ರೇಮ್‌ವರ್ಕ್ ಆದರೆ ಎಂಐಟಿ. ಕಾರಣ ಟೆಂಪ್ಲೇಟಿನ ಗುಣದಲ್ಲೇ ಇದೆ. ಟೆಂಪ್ಲೇಟಿನ ಎಚ್‌ಟಿಎಂಎಲ್ ಸೀದಾ ಗಿರಾಕಿಯ ಪುಟದೊಳಗೆ ಹೋಗಿ ಕೂರುತ್ತದೆ. ಜಿಪಿಎಲ್ ಹಾಕಿದರೆ "ಹಾಗಾದರೆ ನಮ್ಮ ಸೈಟೂ ಜಿಪಿಎಲ್ ಆಗುತ್ತಾ?" ಅಂತ ಪ್ರತಿ ಗಿರಾಕಿಯೂ ಕೇಳುತ್ತಾನೆ, ಪ್ರತಿ ಸಲವೂ ನೀವು ಅರ್ಧ ಗಂಟೆ ವಿವರಿಸಬೇಕು. ಯಾರೂ ಮುಚ್ಚಿಡಬಾರದು ಅನ್ನುವ ಹಟ ನಿಮಗಿದ್ದರೆ ಜಿಪಿಎಲ್ ಹಾಕಿ. ಅದು ಗೌರವದ ಹಟವೇ. ಆ ಅರ್ಧ ಗಂಟೆಗೆ ತಯಾರಿರಿ.

ಸ್ವಂತ ಷರತ್ತು ಮಾತ್ರ ಸೇರಿಸಬೇಡಿ. "ಒಳ್ಳೆಯ ಕೆಲಸಕ್ಕೆ ಮಾತ್ರ ಬಳಸಿ" ಅಂತ ಬರೆಯಲು ಮನಸ್ಸಾಗುತ್ತದೆ. ಜೇಸನ್ (ಡೇಟಾ ಬರೆದಿಡುವ ಒಂದು ರೂಪ) ಲೈಸೆನ್ಸಿನಲ್ಲಿ ಅಂಥದೇ ಒಂದು ಸಾಲು ಇದ್ದದ್ದಕ್ಕೆ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಅದನ್ನು ಮುಕ್ತ ಲೈಸೆನ್ಸ್ ಅಂತ ಒಪ್ಪಲಿಲ್ಲ. ಫುಟರಿನಲ್ಲಿ ನಿಮ್ಮ ಹೆಸರು ಇರಲೇಬೇಕು ಅನ್ನುವ ಆಸೆಯೂ ಹಾಗೇ. ಮೊದಲೇ ಹಾಕಿಡಿ, ತೆಗೆಯಲು ಕಾನ್ಫಿಗ್‌ನಲ್ಲಿ ಒಂದು ಸ್ವಿಚ್ ಕೊಡಿ. ಕೆಲವರು ಫುಟರ್ ಲಿಂಕನ್ನು ಬೇಸ್ 64ನಲ್ಲಿ, ಅಂದರೆ ಕಣ್ಣಿಗೆ ಅರ್ಥವಾಗದ ಅಕ್ಷರಗಳ ಗಂಟಾಗಿ, ಸುತ್ತಿ, ಕಿತ್ತರೆ ಸೈಟೇ ಬಿದ್ದುಹೋಗುವಂತೆ ಮಾಡುತ್ತಾರೆ. ಅದಕ್ಕೆ ಮುಕ್ತ ತಂತ್ರಾಂಶ ಅನ್ನುವುದಿಲ್ಲ, ಬೋನು ಅನ್ನುತ್ತಾರೆ.

ಆರಿಸಿದ ಮೇಲೆ ಲೈಸೆನ್ಸಿನ ಪೂರ್ತಿ ಇಂಗ್ಲಿಷ್ ಪಠ್ಯವನ್ನು ಒಂದಕ್ಷರ ಬದಲಿಸದೆ ಮೂಲ ಫೋಲ್ಡರಿನಲ್ಲಿ ಇಡಿ. ಎಂಐಟಿ ಆದರೆ ವರ್ಷ ಮತ್ತು ಹೆಸರು ಮಾತ್ರ ತುಂಬಿ. ಕನ್ನಡದಲ್ಲಿ ವಿವರಣೆ ಬರೆಯಬಹುದು, ಬರೆಯಿರಿ. ಆದರೆ ಅದು ವಿವರಣೆ, ಲೈಸೆನ್ಸ್ ಅಲ್ಲ ಅಂತ ಮೊದಲ ಸಾಲಿನಲ್ಲೇ ಹೇಳಿ. ಪ್ರತಿ ಕೋಡ್ ಫೈಲಿನ ತಲೆಯಲ್ಲಿ ಎಸ್‌ಪಿಡಿಎಕ್ಸ್ (ಲೈಸೆನ್ಸಿನ ಹೆಸರನ್ನು ಚುಟುಕಾಗಿ ಬರೆಯುವ ಪದ್ಧತಿ) ಗುರುತಿನ ಒಂದು ಸಾಲು ಹಾಕಿದರೆ, ಫೈಲು ಒಂಟಿಯಾಗಿ ಎಲ್ಲಿಗೆ ಹೋದರೂ ಅದರ ಲೈಸೆನ್ಸ್ ಗೊತ್ತಾಗುತ್ತದೆ.

ಹೆಜ್ಜೆ 5: ಕನ್ನಡದಲ್ಲಿ ನಿಲ್ಲುತ್ತದಾ?

ಜಗತ್ತಿನಲ್ಲಿ ಟೆಂಪ್ಲೇಟ್ ಫ್ರೇಮ್‌ವರ್ಕಿಗೆ ಬರ ಇಲ್ಲ. ನಿಮ್ಮದನ್ನು ಯಾಕೆ ಯಾರಾದರೂ ಮುಟ್ಟಬೇಕು? ನನ್ನ ಹತ್ತಿರ ಇರುವ ಉತ್ತರ ಒಂದೇ. ನಮ್ಮ ಕಡೆಯ ಸೈಟು ಮಾಡುವಾಗ ನಾವು ತಿದ್ದಿಕೊಂಡ ಸಣ್ಣಪುಟ್ಟ ರಿಪೇರಿಗಳು ಬೇರೆಯವರ ಹತ್ತಿರ ಇಲ್ಲ.

ಮೊದಲನೆಯದು ಒತ್ತಕ್ಷರ. ಬೂಟ್‌ಸ್ಟ್ರ್ಯಾಪ್‌ನಲ್ಲಿ ಶೀರ್ಷಿಕೆಯ ಸಾಲಿನ ಎತ್ತರ 1.2. ಇಂಗ್ಲಿಷಿಗೆ ಧಾರಾಳ. ಕನ್ನಡಕ್ಕೆ, ಅದರಲ್ಲೂ ಹೆಚ್ಚಾದ ಪಠ್ಯ ಮರೆಮಾಡುವ ಕಾರ್ಡಿನೊಳಗೆ, ಕೆಳಗಿನ ಒತ್ತು ಕತ್ತರಿಸಿಹೋಗಬಹುದು. ಆಗ ಬಳ್ಳಾರಿ ಬಳಾರಿ ಆಗುತ್ತದೆ, ಕೊಪ್ಪಳ ಕೊಪಳ ಆಗುತ್ತದೆ. ರಾಯಚೂರು ಮಾತ್ರ ಬಚಾವ್, ಒತ್ತೇ ಇಲ್ಲ. ನಾನು ಶೀರ್ಷಿಕೆಗೆ 1.5, ಒಳಪಠ್ಯಕ್ಕೆ 1.7 ಇಟ್ಟುಕೊಂಡಿದ್ದೇನೆ. ಅಕ್ಷರಗಳ ನಡುವೆ ಸಂದು ಬಿಡುವ ಅಲಂಕಾರವನ್ನೂ ಕನ್ನಡ ಪಠ್ಯಕ್ಕೆ ತೆಗೆದುಹಾಕಿದ್ದೇನೆ.

ಎರಡನೆಯದು ಕತ್ತರಿಸುವುದು. "ಮುಂದೆ ಓದಿ" ತೋರಿಸಲು ಪಠ್ಯವನ್ನು ಮೊಟಕು ಮಾಡುತ್ತೇವಲ್ಲ, ಅಲ್ಲಿ. ಬಳ್ಳಾರಿ ಅನ್ನುವ ಪದ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಏಳು ಸಂಕೇತ: ಬ, ಳ, ವಿರಾಮ, ಳ, ದೀರ್ಘ, ರ, ಗುಡಿಸು. ಅವುಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 21. ಸರ್ವರಿನಲ್ಲಿ ಓಡುವ ಪಿಎಚ್‌ಪಿ ಭಾಷೆಯ, ಪಠ್ಯ ಕತ್ತರಿಸುವ ಹಳೇ ಸಬ್‌ಸ್ಟ್ರ್ ಫಂಕ್ಷನ್ ಬೈಟ್ ಲೆಕ್ಕದಲ್ಲಿ ಕತ್ತರಿಸುತ್ತದೆ. ಹತ್ತಕ್ಕೆ ಕತ್ತರಿಸಿದರೆ ಕೊನೆಯಲ್ಲಿ ಕಪ್ಪು ಡೈಮಂಡಿನೊಳಗೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಎಂಬಿ ಸಬ್‌ಸ್ಟ್ರ್ ಬಳಸಿದರೆ ಆ ಡೈಮಂಡ್ ಹೋಗುತ್ತದೆ, ಆದರೆ ಮೂರಕ್ಕೆ ಕತ್ತರಿಸಿದಾಗ "ಬಳ್" ಅಂತ ನಿಲ್ಲುತ್ತದೆ. ಅಕ್ಷರ ಎಣಿಸುವ ಗೊಡವೆಯೇ ಬೇಡ. ಪದಗಳ ನಡುವಿನ ಜಾಗದಲ್ಲೇ ಕತ್ತರಿಸಿ.

ಮೂರನೆಯದಕ್ಕೆ ನನ್ನ ಎರಡು ರಾತ್ರಿ ಹೋಗಿವೆ. ಪುಟದ ಶೀರ್ಷಿಕೆಯಿಂದ ಯುಆರ್‌ಎಲ್ ಮಾಡುವ ಕೋಡ್ ಸಾಮಾನ್ಯವಾಗಿ ಎ ಇಂದ ಜೆಡ್ ಮತ್ತು ಅಂಕಿಗಳನ್ನು ಉಳಿಸಿ ಬಾಕಿ ಎಲ್ಲ ಅಳಿಸುತ್ತದೆ. "ನಮ್ಮ ಬಗ್ಗೆ" ಅನ್ನುವ ಶೀರ್ಷಿಕೆ ಹಾಕಿದರೆ ಏನು ಉಳಿಯುತ್ತದೆ? ಏನೂ ಇಲ್ಲ. "ಸಂಪರ್ಕಿಸಿ" ಹಾಕಿದರೂ ಏನೂ ಇಲ್ಲ. ಎಲ್ಲ ಕನ್ನಡ ಪುಟಗಳಿಗೂ ಒಂದೇ ಖಾಲಿ ವಿಳಾಸ, ಕೊನೆಯಲ್ಲಿ ಸೇರಿಸಿದ ಪುಟ ಮಾತ್ರ ಕಾಣುತ್ತದೆ. ಹಾಗಂತ ಕನ್ನಡವನ್ನೇ ವಿಳಾಸದಲ್ಲಿ ಬಿಟ್ಟರೆ, ವಾಟ್ಸಾಪಿನಲ್ಲಿ ಅಂಟಿಸಿದಾಗ ಒಂದೊಂದು ಸಂಕೇತವೂ ಒಂಬತ್ತು ಚಿಹ್ನೆ ಆಗಬಹುದು. ಬಳ್ಳಾರಿ ಅನ್ನುವುದೊಂದೇ 63 ಚಿಹ್ನೆ. ನಾನು ಕಂಡುಕೊಂಡ ದಾರಿ: ಯುಆರ್‌ಎಲ್ ಹೆಸರನ್ನು ಬೇರೆಯಾಗಿ ಕೇಳುವುದು, ಬಿಟ್ಟರೆ ಪುಟದ ನಂಬರ್ ಬಳಸುವುದು.

ಪುಟದ ಭಾಷೆಯ ಗುರುತನ್ನು ಕೆಎನ್ ಅಂತ ಇಡಿ. ಡೆಮೋ ಪಠ್ಯಕ್ಕೆ ಲ್ಯಾಟಿನ್ ಲೋರೆಮ್ ಇಪ್ಸಮ್ ಬೇಡ, ಒತ್ತು ತುಂಬಿದ ಕನ್ನಡ ಸಾಲುಗಳನ್ನೇ ಹಾಕಿ. ಗಿರಾಕಿಗಳು ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಸಿಕೊಟ್ಟರೆ ಅದನ್ನು ಯೂನಿಕೋಡಿಗೆ ಬದಲಿಸದೆ ಹಾಕಬೇಡಿ ಅಂತ ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ.

ಹೆಜ್ಜೆ 6: ಎರಡು ತೂತು ಮುಚ್ಚಿ

ಸ್ವಂತಕ್ಕೆ ಬಳಸುವಾಗ ನಡೆಯುತ್ತಿದ್ದ ಸೋಮಾರಿತನ ಸಾರ್ವಜನಿಕವಾದ ಮೇಲೆ ನಡೆಯುವುದಿಲ್ಲ. ಸಣ್ಣ ಪಿಎಚ್‌ಪಿ ಫ್ರೇಮ್‌ವರ್ಕುಗಳಲ್ಲಿ ಎರಡು ತೂತು ಸಾಮಾನ್ಯ.

ಒಂದು, ಯುಆರ್‌ಎಲ್‌ನಲ್ಲಿ ಬಂದ ಪುಟದ ಹೆಸರನ್ನು ಸೀದಾ ಇನ್‌ಕ್ಲೂಡ್ ಮಾಡುವುದು, ಅಂದರೆ ಆ ಹೆಸರಿನ ಫೈಲನ್ನು ಒಳಗೆ ತಂದು ಓಡಿಸುವುದು. ಯಾರಾದರೂ ಪುಟದ ಹೆಸರಿನ ಜಾಗದಲ್ಲಿ ಎರಡು ಚುಕ್ಕೆ, ಓರೆಗೆರೆ, ಮತ್ತೆ ಎರಡು ಚುಕ್ಕೆ ಅಂತ ಬರೆಯುತ್ತಾ ಹೋದರೆ ಸರ್ವರಿನ ಬೇರೆ ಫೋಲ್ಡರುಗಳಿಗೆ ಇಳಿಯುತ್ತಾರೆ. ಇರುವ ಪುಟಗಳ ಪಟ್ಟಿ ಮಾಡಿ, ಪಟ್ಟಿಯಲ್ಲಿ ಇದ್ದರೆ ಮಾತ್ರ ತೆರೆಯಿರಿ.

ಇನ್ನೊಂದು, ಬಳಕೆದಾರರು ತುಂಬಿದ್ದನ್ನು ಹಾಗೇ ತೆರೆಗೆ ತರುವುದು. ಅದರಲ್ಲಿ ಸ್ಕ್ರಿಪ್ಟ್ ಇದ್ದರೆ ಅದೂ ಓಡುತ್ತದೆ. ಟೆಂಪ್ಲೇಟಿನ ಮುದ್ರಿಸುವ ಫಂಕ್ಷನ್ನೇ ಡೀಫಾಲ್ಟ್ ಆಗಿ ಎಸ್ಕೇಪ್ ಮಾಡಬೇಕು, ಅಂದರೆ ಕೋಡಿನ ಚಿಹ್ನೆಗಳನ್ನು ಬರೀ ಪಠ್ಯವಾಗಿ ತೋರಿಸಬೇಕು. ಕಚ್ಚಾ ಎಚ್‌ಟಿಎಂಎಲ್ ಬೇಕಾದವರು ಬೇರೆ ಫಂಕ್ಷನ್ ಕರೆಯಲಿ, ಅದರ ಹೆಸರಲ್ಲೇ "ಕಚ್ಚಾ" ಅಂತ ಇರಲಿ.

ಹೆಜ್ಜೆ 7: ರೀಡ್‌ಮಿ ಬರೆದು ಕೊಪ್ಪಳಕ್ಕೆ ಕಳಿಸಿ

ರೀಡ್‌ಮಿ ಫೈಲಿನಲ್ಲಿ ಇದು ಏನು, ಯಾರಿಗೆ, ಯಾವ ಪಿಎಚ್‌ಪಿ ಆವೃತ್ತಿ ಬೇಕು, ಹಾಕುವುದು ಹೇಗೆ, ಲೈಸೆನ್ಸ್ ಯಾವುದು ಅಂತ ಇರಲಿ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಿರಿ. ಇದು ಏನು ಮಾಡುವುದಿಲ್ಲ ಅನ್ನುವುದನ್ನೂ ಬರೆಯಿರಿ. ಆನ್‌ಲೈನ್ ಪೇಮೆಂಟ್ ಇಲ್ಲ ಅಂತ ಮೊದಲೇ ಹೇಳಿದರೆ ಅರ್ಧ ಫೋನುಗಳು ಕಡಿಮೆ.

ಬರೆದಾದ ಮೇಲೆ ಅದನ್ನು ಯಾವತ್ತೂ ನೋಡದ ಒಬ್ಬರಿಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ. ನಾನು ಕೊಪ್ಪಳದ ಗೆಳೆಯನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನು. "ಅಣ್ಣಾ, ಪೇಜ್ ಬರವಲ್ದು ನೋಡ್ರಿ. ಬರೀ ಬೆಳ್ಳಗ ಐತಿ." ನನ್ನ ಲ್ಯಾಪ್‌ಟಾಪಿನಲ್ಲಿ ಚಂದ ಓಡುತ್ತಿತ್ತು. ಗಂಟೆಗಟ್ಟಲೆ ಹುಡುಕಿದ ಮೇಲೆ ತಿಳಿಯಿತು. ಹೆಡರ್ ಫೈಲಿನ ಹೆಸರಲ್ಲಿ ಮೊದಲ ಅಕ್ಷರ ದೊಡ್ಡದಿತ್ತು, ಕೋಡಿನಲ್ಲಿ ಸಣ್ಣದಾಗಿ ಕರೆದಿದ್ದೆ. ವಿಂಡೋಸಿಗೆ ಎರಡೂ ಒಂದೇ. ಅವನ ಹೋಸ್ಟಿಂಗಿನ ಲಿನಕ್ಸಿಗೆ ಬೇರೆ ಬೇರೆ. ಎರರ್ ತೋರಿಸುವುದು ಅಲ್ಲಿ ಆಫ್ ಇದ್ದದ್ದರಿಂದ ಬಿಳಿ ಪುಟ. ಅವತ್ತಿನಿಂದ ಎಲ್ಲ ಫೈಲಿನ ಹೆಸರೂ ಸಣ್ಣಕ್ಷರದಲ್ಲೇ.

ಹೆಜ್ಜೆ 8: ಹೆಸರು, ಅಂಕಿ, ಬಿಡುಗಡೆ

ಹೆಸರು ಇಡುವ ಮುಂಚೆ ಅದೇ ಹೆಸರಲ್ಲಿ ಬೇರೆ ಏನಾದರೂ ಇದೆಯಾ ಹುಡುಕಿ. ನನಗೆ ಹಂಪಿ ಅಂತ ಇಡುವ ಆಸೆ ಇತ್ತು. ಆ ಹೆಸರು ಎಲ್ಲರೂ ಇಟ್ಟಿದ್ದಾರೆ. ಸಾಲದ್ದಕ್ಕೆ 2021ರಲ್ಲಿ ಹಂಪಿ ವಿಜಯನಗರ ಜಿಲ್ಲೆಗೆ ಸೇರಿದ ಮೇಲೆ ಬಳ್ಳಾರಿಯವನು ಇಟ್ಟುಕೊಂಡರೆ ಹೊಸಪೇಟೆ ಗೆಳೆಯರು ಬಿಡುತ್ತಾರಾ? ಕೊನೆಗೆ ರಟ್ಟು ಅಂತ ಇಟ್ಟೆ. ಪ್ಯಾಟರ್ನಿನ ರಟ್ಟೂ ಹೌದು, ಗುಟ್ಟು ರಟ್ಟಾದದ್ದೂ ಹೌದು.

ಆವೃತ್ತಿಯ ಅಂಕಿಗೆ ಮೂರು ಭಾಗ. ದೋಷ ತಿದ್ದಿದರೆ ಕೊನೆಯದು, ಹೊಸ ಸೌಲಭ್ಯ ಸೇರಿಸಿದರೆ ನಡುವಿನದು, ಹಳೆಯದನ್ನು ಮುರಿದರೆ ಮೊದಲಿನದು ಹೆಚ್ಚುತ್ತದೆ. ಟೆಂಪ್ಲೇಟಿನಲ್ಲಿ ಮುರಿಯುವುದು ಅಂದರೆ ಏನು ಅಂತ ಸರಿಯಾಗಿ ಯೋಚಿಸಿ. ಒಂದು ಸಿಎಸ್‌ಎಸ್ ಕ್ಲಾಸಿನ ಹೆಸರು ಬದಲಿಸಿದರೂ ಇನ್ನೊಬ್ಬರ ಸೈಟಿನ ಮೆನು ಕುಸಿಯುತ್ತದೆ. ಕ್ಲಾಸ್ ಹೆಸರು, ಬ್ಲಾಕ್ ಹೆಸರು, ಕಾನ್ಫಿಗ್‌ನ ಹೆಸರು ಇವೆಲ್ಲ ನೀವು ಕೊಟ್ಟ ಮಾತು ಇದ್ದ ಹಾಗೆ. ಆ ಧೈರ್ಯ ಬರುವ ತನಕ 0.1.0, 0.2.0 ಅಂತಲೇ ಇರಿ. 1.0.0ಗೆ ಅವಸರ ಬೇಡ.

ಕೋಡ್ ಇಡುವ ತಾಣ ಗಿಟ್‌ಹಬ್, ಗಿಟ್‌ಲ್ಯಾಬ್, ಕೋಡ್‌ಬರ್ಗ್ ಯಾವುದಾದರೂ ಸರಿ. ಖಾತೆಗೆ ಎರಡು ಹಂತದ ಲಾಗಿನ್ ಹಾಕಿ. ಕೋಡ್ ಏರಿಸಿ, ಆವೃತ್ತಿಯ ಟ್ಯಾಗ್ ಹಾಕಿ, ಏನೇನು ಬದಲಾಗಿದೆ ಅಂತ ನಾಲ್ಕು ಸಾಲು ಬರೆದು ಬಿಡುಗಡೆ ಮಾಡಿ. ಕುಗ್ಗಿಸಿದ ಸಿಎಸ್‌ಎಸ್ ಮಾತ್ರ ಕೊಡಬೇಡಿ, ಅದನ್ನು ಹುಟ್ಟಿಸಿದ ಮೂಲ ಫೈಲೂ ಇರಲಿ. ಡೆಮೋಗೆ ಗಿಟ್‌ಹಬ್ ಪೇಜಸ್ ಉಚಿತ, ಆದರೆ ಅಲ್ಲಿ ಪಿಎಚ್‌ಪಿ ಓಡುವುದಿಲ್ಲ. ಪುಟಗಳನ್ನು ಎಚ್‌ಟಿಎಂಎಲ್ ಆಗಿ ಉಳಿಸಿ ಹಾಕಿ. ವರ್ಡ್‌ಪ್ರೆಸ್ ಥೀಮ್ ಆದರೆ ಅವರ ಥೀಮ್ ಡೈರೆಕ್ಟರಿಗೂ ಕಳಿಸಬಹುದು. ಚಿತ್ರ, ಫಾಂಟ್ ಸೇರಿ ಎಲ್ಲವೂ ಜಿಪಿಎಲ್‌ಗೆ ಹೊಂದಬೇಕು ಅನ್ನುವುದು ಅಲ್ಲಿನ ನಿಯಮ. ಹೆಜ್ಜೆ 3ರ ಪಟ್ಟಿ ಆಗ ಕೈ ಹಿಡಿಯುತ್ತದೆ.

ಹೆಜ್ಜೆ 9: ಬಿಟ್ಟ ಮೇಲೆ

ಮೊದಲ ತಿಂಗಳು ಯಾರೂ ಬರುವುದಿಲ್ಲ. ಆಮೇಲೆ ಬರುವವರು ದೂರು ಹೊತ್ತೇ ಬರುತ್ತಾರೆ. ಯಾವ ಆವೃತ್ತಿ, ಯಾವ ಹೋಸ್ಟಿಂಗ್, ಏನು ಮಾಡಿದಾಗ ಏನಾಯಿತು ಅಂತ ಕೇಳುವ ಒಂದು ನಮೂನೆ ಇಟ್ಟರೆ ಅರ್ಧ ಕೆಲಸ ಉಳಿಯುತ್ತದೆ. ಭದ್ರತೆಯ ದೋಷ ಕಂಡವರು ಎಲ್ಲರೆದುರು ಕೂಗದೆ ನಿಮಗೆ ಖಾಸಗಿಯಾಗಿ ತಿಳಿಸಲು ಒಂದು ಇಮೇಲ್ ಕೊಡಿ. ಕೋಡ್ ಕಳಿಸುವವರಿಂದ "ಇದು ನನ್ನದೇ, ಕೊಡುವ ಹಕ್ಕು ನನಗಿದೆ" ಅನ್ನುವ ಸೈನ್ ಆಫ್ ಸಾಲು ಕೇಳಿ. ಲಿನಕ್ಸ್ ಕರ್ನಲ್‌ನಲ್ಲಿ 2004ರಿಂದ ಇದೇ ಪದ್ಧತಿ. ಎಲ್ಲ ಬೇಡಿಕೆಗೂ ಹೂಂ ಅನ್ನಬೇಡಿ. ನಿಮ್ಮ ಖಾತೆಯ ಬೀಗದ ಕೈ ಇನ್ನೊಬ್ಬ ನಂಬಿಕಸ್ಥರ ಹತ್ತಿರವೂ ಇರಲಿ.

ದುಡ್ಡಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಮುಕ್ತ ಅಂದ ಮಾತ್ರಕ್ಕೆ ಕೂಲಿ ಬಿಡಬೇಕಿಲ್ಲ. ಹಾಕಿಕೊಡಲು, ತಿದ್ದಿಕೊಡಲು, ವರ್ಷದ ನಿರ್ವಹಣೆಗೆ ದುಡ್ಡು ತೆಗೆದುಕೊಳ್ಳಿ. ಜಿಪಿಎಲ್ ಕೂಡ ಮಾರಬೇಡಿ ಅನ್ನುವುದಿಲ್ಲ. ನನ್ನ ಗಿರಾಕಿಗಳಲ್ಲಿ ಯಾರೂ "ಕೋಡ್ ಬಿಟ್ಟಿ ಸಿಗುತ್ತಲ್ಲ, ನಿಮಗ್ಯಾಕೆ ದುಡ್ಡು" ಅಂದಿಲ್ಲ. ಅವರಿಗೆ ಬೇಕಾದದ್ದು ಫೋನ್ ಮಾಡಿದರೆ ಎತ್ತುವ ಮನುಷ್ಯ.

ಕೊನೆಗೊಂದು ಕೆಲಸ ಉಳಿದಿರುತ್ತದೆ, ಬಹಳ ಜನ ಮಾಡುವುದಿಲ್ಲ. ನಿಮ್ಮದೇ ಹಳೇ ಗಿರಾಕಿಗಳ ಸೈಟುಗಳನ್ನು ಬಿಡುಗಡೆಯಾದ ಆವೃತ್ತಿಗೆ ತನ್ನಿ. ಇಲ್ಲದಿದ್ದರೆ ಹಳೆಯದೊಂದು ಹೊಸದೊಂದು ಅಂತ ಎರಡು ಹೊಲ ಉಳುತ್ತಾ ಕೂರುತ್ತೀರಿ. ನಾನು ಮೊದಲು ಬದಲಿಸಿದ್ದು ಅಕ್ಕಿ ಮಿಲ್ಲಿನ ಸೈಟನ್ನೇ. ಹೊಸ ಕಾನ್ಫಿಗ್ ಫೈಲಿನಲ್ಲಿ ಅವರ ಇಮೇಲ್ ಬರೆದು, ಫಾರ್ಮ್ ತುಂಬಿ, ಮೇಲ್ ಬಂತಾ ಅಂತ ಕೇಳಲು ಫೋನ್ ಮಾಡಿದೆ.

"ಬಂತು ಬಂತು," ಅಂದರು ಯಜಮಾನರು. "ಇನ್ಮ್ಯಾಲೆ ಸೀಟು ಕೇಳೋರು ಬರಂಗಿಲ್ಲ ಅಲ್ಲೇನ್ರೀ?"